ಏಕಲಿಂಗನ ದಿವಾನರ ಮೋಟಾರು ಲಾಯ

ರಾಜಸ್ಥಾನದ ದಕ್ಷಿಣ ಭಾಗದಲ್ಲಿ, ಅರಾವಳಿ ಬೆಟ್ಟಗಳ ಮಡಿಲಲ್ಲಿ ಉದಯಪುರವೆಂಬ ನಗರವಿದೆ. ಮಹಾರಾಣಾ ಎರಡನೆಯ ಉದಯಸಿಂಹನು 1559ರಲ್ಲಿ ಇದನ್ನು ಕಟ್ಟಿಸಿದನೆಂದು ಇತಿಹಾಸವು ಹೇಳುತ್ತದೆ. ಪಿಚೋಲಾ ಸರೋವರ, ಅದರ ದಡದ ಮೇಲೆ ಸಾಲಾಗಿ ನಿಂತ ಅರಮನೆಗಳು, ನೀರಿನ ನಡುವಿನ ಜಗಮಂದಿರ ಇವುಗಳನ್ನು ನೋಡಲೆಂದೇ ದೇಶವಿದೇಶಗಳ ಜನರು ಇಲ್ಲಿಗೆ ಬರುತ್ತಾರೆ. ಶಿವಭಕ್ತರಾದ ನಮಗಾದರೋ ಈ ಊರಿಗೆ ಹೋಗಲು ಬೇರೊಂದು ಕಾರಣವುಂಟು. ಉದಯಪುರದಿಂದ ಉತ್ತರಕ್ಕೆ ಸುಮಾರು 22 ಕಿಲೋಮೀಟರು ದೂರದ ಕೈಲಾಸಪುರಿಯಲ್ಲಿ ಶ್ರೀ ಏಕಲಿಂಗನಾಥನ ಸನ್ನಿಧಿಯಿದೆ. ಮೈಸೂರಿನಿಂದ ಉದಯಪುರಕ್ಕೆ ನೇರವಾದ ರೈಲು ಇರುವುದರಿಂದ ನಮ್ಮ ನಾಡಿನ ಯಾತ್ರಿಕರಿಗೆ ಈ ಕ್ಷೇತ್ರವು ಈಗ ಅಷ್ಟೇನೂ ದೂರವಲ್ಲ.

ಕಳೆದ ಮಾಘಮಾಸದಲ್ಲಿ ನಾನು ಈ ಯಾತ್ರೆಯನ್ನು ಕೈಗೊಂಡೆನು. ಹಿಂದೆ ನನ್ನಲ್ಲಿ ಪಾಠ ಹೇಳಿಸಿಕೊಂಡಿದ್ದ, ಈಗ ಹತ್ತಿಯ ವ್ಯಾಪಾರದಲ್ಲಿ ಅನುಕೂಲವಾಗಿರುವ ರಾಣೇಬೆನ್ನೂರಿನ ಗೃಹಸ್ಥನೊಬ್ಬನು ಸಂಗಡಿಗನಾಗಿ ಬಂದಿದ್ದನು. ದೇವದರ್ಶನಕ್ಕೆಂದು ಹೊರಟ ನಾವು ಅಲ್ಲಿ ಮೋಟಾರು ವಾಹನಗಳ ಒಂದು ಲಾಯವನ್ನೂ ಕಂಡೆವು. ದೇವಾಲಯಕ್ಕೂ ಮೋಟಾರಿಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧವಿದೆ, ಅದನ್ನು ನಿವೇದಿಸುವುದಕ್ಕಾಗಿಯೇ ಈ ಲೇಖನ.

ಏಕಲಿಂಗಜಿಯ ಕ್ಷೇತ್ರವು ಎತ್ತರವಾದ ಕೋಟೆಯಂತಹ ಗೋಡೆಯೊಳಗೆ ಅಡಗಿದೆ. ಒಳಗೆ 108 ಗುಡಿಗಳಿವೆಯೆಂಬುದು ಪ್ರತೀತಿ. ಗರ್ಭಗೃಹದಲ್ಲಿ ಕರಿಯ ಶಿಲೆಯ ಚತುರ್ಮುಖ ಲಿಂಗವು ವಿರಾಜಮಾನವಾಗಿದೆ. ಗುಹಿಲ ವಂಶದ ಬಪ್ಪಾ ರಾವಲನಿಗೆ ಹಾರೀತರಾಶಿಯೆಂಬ ಪಾಶುಪತ ಮುನಿಯು ಗುರುವಾಗಿ ಅನುಗ್ರಹಿಸಿದನೆಂದು ಸಂಪ್ರದಾಯವು ಹೇಳುತ್ತದೆ. ಅಂದಿನಿಂದ ಮೇವಾಡದ ನಿಜವಾದ ಅರಸನು ಏಕಲಿಂಗನೇ. ಸಿಂಹಾಸನದ ಮೇಲೆ ಕುಳಿತ ಮಹಾರಾಣನು ಆತನ ದಿವಾನನು ಮಾತ್ರ. ರಾಜ್ಯವೂ ಭಂಡಾರವೂ ಆನೆ ಕುದುರೆಗಳೂ ದೇವರವು. ದಿವಾನನು ಅವುಗಳನ್ನು ಕಾಪಾಡಿ ಲೆಕ್ಕ ಒಪ್ಪಿಸತಕ್ಕವನು. ದಾಸೋಹದ ಮಾತನ್ನು ಎಳವೆಯಿಂದಲೇ ಕೇಳಿ ಬೆಳೆದ ನಮಗೆ ಈ ಭಾವನೆಯು ಹೊರಗಿನದೆನಿಸುವುದಿಲ್ಲ. ಸಂಪತ್ತಿಗೆ ಒಡೆಯನೆಂದು ಮೆರೆಯುವುದಕ್ಕೂ ಅದರ ಪಾರುಪತ್ಯಗಾರನಾಗಿ ನಡೆದುಕೊಳ್ಳುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಕೈಲಾಸಪುರಿಯು ಒಂದೇ ಪದದಲ್ಲಿ ತಿಳಿಸುತ್ತದೆ.

ಅದೇ ಆವರಣದಲ್ಲಿ ಲಕುಲೀಶನ ಒಂದು ಗುಡಿಯಿದೆ. ಅಲ್ಲಿಯ ಶಾಸನವು ಕ್ರಿ.ಶ. 971ನೆಯ ಇಸವಿಯದು. ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಸನ್ನಿಧಿಯ ಕೋಡಿಯ ಮಠವನ್ನು ಬೆಳಗಿಸಿದ ಕಾಳಾಮುಖ ಆಚಾರ್ಯರೂ ಈ ಲಕುಲೀಶನ ಪರಂಪರೆಗೇ ಸೇರಿದವರು. ಎರಡು ನಾಡುಗಳ ನಡುವೆ ಸಾವಿರ ವರ್ಷಗಳ ಹಿಂದೆಯೇ ಇಂತಹದೊಂದು ಬಾಂಧವ್ಯವಿತ್ತೆಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಬಳ್ಳಿಗಾವೆಯ ಹೆಸರನ್ನೆತ್ತಿದಾಗ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ಸ್ಮರಣೆಗೆ ಬರುತ್ತದೆ. ಅದು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬುದು. ಹಿಂದಿನವರು ಗುಡಿಯನ್ನು ಕಟ್ಟಿಸಿ ಕಳಶವಿಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ನಂದಾದೀಪದ ಎಣ್ಣೆಗೆ, ನೈವೇದ್ಯಕ್ಕೆ, ತಪೋಧನರ ಆಹಾರಕ್ಕೆ, ವಿದ್ಯಾರ್ಥಿಗಳ ಓದಿಗೆ ದತ್ತಿಯಿಟ್ಟಂತೆ, ಮುಂದೆ ಕಲ್ಲು ಒಡೆದರೆ, ಗಾರೆ ಬಿರಿದರೆ ಅದನ್ನು ಸರಿಪಡಿಸುವುದಕ್ಕೂ ಭೂಮಿಯನ್ನು ಬಿಡುತ್ತಿದ್ದರು. ಒಡೆಯುವುದಕ್ಕೆ ಮುನ್ನವೇ ಒಡೆದುದನ್ನು ಕಟ್ಟುವ ಹಣವನ್ನು ತೆಗೆದಿಡುವುದು ಅವರ ವಿವೇಕವಾಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿರಿಸಿಕೊಳ್ಳಬೇಕೆಂದು ಬಿನ್ನಹ. ಮುಂದೆ ಇದರ ಪ್ರಯೋಜನವಿದೆ.

ಉದಯಪುರಕ್ಕೆ ಮರಳಿದ ಮೇಲೆ ಅರಮನೆಗೆ ಸಮೀಪದಲ್ಲಿ, ಗುಲಾಬ್ ಬಾಗಿನ ಪಕ್ಕದ ಒಂದು ಹಳೆಯ ಆವರಣಕ್ಕೆ ಹೋದೆವು. ಒಂದು ಕಾಲದಲ್ಲಿ ಇದು ಮೇವಾಡ ಸಂಸ್ಥಾನದ ಮೋಟಾರು ಗ್ಯಾರೇಜು ಆಗಿತ್ತು. ಅರ್ಧಚಂದ್ರಾಕಾರದ ಅಂಗಳ, ಅದರ ಸುತ್ತಲೂ ಬಾಗಿಲು ಬಾಗಿಲಾಗಿ ಕೊಠಡಿಗಳು. ಕುದುರೆಗಳನ್ನು ಕಟ್ಟುವ ಲಾಯವನ್ನು ನೋಡಿದಂತೆಯೇ ಆಗುತ್ತದೆ. ಅಂಗಳದಲ್ಲಿ ಹಳೆಯ ಕಾಲದ ಪೆಟ್ರೋಲು ಪಂಪು ಕೂಡ ನಿಂತಿದೆ. 2025ರಲ್ಲಿ ತೀರಿಕೊಂಡ ಅರವಿಂದ ಸಿಂಹ ಮೇವಾಡರ ಆಸಕ್ತಿಯಿಂದ ಈ ಗ್ಯಾರೇಜು 2000ನೆಯ ಇಸವಿಯಲ್ಲಿ ಹಳೆಯ ಮೋಟಾರುಗಳ ಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಒಳಗೆ 1924ರ ರೋಲ್ಸ್ ರಾಯ್ಸ್ ಇದೆ. 1934ರ ರೋಲ್ಸ್ ರಾಯ್ಸ್ ಫ್ಯಾಂಟಮ್ ಇದೆ. ಈ ಎರಡನೆಯದು 1983ರಲ್ಲಿ ತೆರೆಕಂಡ ಒಂದು ಆಂಗ್ಲ ಚಲನಚಿತ್ರದಲ್ಲಿ ಕಾಣಿಸಿಕೊಂಡುದರಿಂದ ಪರದೇಶದ ಪ್ರವಾಸಿಗಳು ಇದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅಮೆರಿಕದ ಕ್ಯಾಡಿಲಾಕ್ ಮತ್ತು ಬ್ಯೂಕ್, ಇಂಗ್ಲೆಂಡಿನ ಮಾರಿಸ್, ಜರ್ಮನಿಯ ಮರ್ಸಿಡಿಸ್ ಮೊದಲಾದವುಗಳೂ ಇವೆ. ಒಂದೊಂದರ ಹಿತ್ತಾಳೆಯೂ ಮುಖ ಕಾಣುವಂತೆ ಹೊಳೆಯುತ್ತದೆ. ಇವನ್ನು ಬರಿಯ ಪ್ರದರ್ಶನದ ಬೊಂಬೆಗಳಾಗಿಸದೆ ಓಡಬಲ್ಲ ಸ್ಥಿತಿಯಲ್ಲಿ ಕಾಪಾಡಿಕೊಂಡಿರುವುದೇ ಈ ಸಂಗ್ರಹಾಲಯದ ಹೆಮ್ಮೆ.

1930ರಿಂದ 1955ರವರೆಗೆ ಮಹಾರಾಣರಾಗಿದ್ದ ಭೂಪಾಲ ಸಿಂಹರು ಎಳೆಯ ವಯಸ್ಸಿನಲ್ಲಿಯೇ ಸೊಂಟದ ಕೆಳಗಿನ ಬಲವನ್ನು ಕಳೆದುಕೊಂಡವರು. ನಡೆಯಲಾರದ ಅಂತಹ ಅರಸನಿಗೆ ಮೋಟಾರು ವಾಹನವು ಕೇವಲ ವಿಲಾಸವಾಗಿರಲಾರದು. ಅದು ಕಾಲುಗಳ ಸ್ಥಾನದಲ್ಲಿ ನಿಂತ ಸಾಧನವಾಗಿದ್ದಿರಬೇಕು. ಯಾವುದೇ ವಸ್ತುವನ್ನು ವೈಭವವೆಂದು ಜರೆಯುವ ಮೊದಲು ಅದು ಯಾರ ಯಾವ ಅಗತ್ಯವನ್ನು ತೀರಿಸುತ್ತಿದೆಯೆಂದು ವಿಚಾರಿಸುವುದು ನ್ಯಾಯ.

ನನ್ನ ಸಂಗಡಿಗನು 1924ರ ವಾಹನದ ಮುಂದೆ ಬಹಳ ಹೊತ್ತು ನಿಂತುಬಿಟ್ಟನು. ನೂರು ವರ್ಷ ದಾಟಿದ ಯಂತ್ರ! ಅವನ ಮುಖದಲ್ಲಿ ಬೆರಗು ಕಾಣುತ್ತಿತ್ತು. ‘ಗುರುಗಳ, ಇದಕ್ಕ ಅನ್ನೂದು ಗಟ್ಟಿ ಮಾಲು. ರೊಕ್ಕಾ ಹೆಚ್ಚಾದ್ರೂ ಇಂಥಾದ್ದ ತಗೋಬೇಕು ನೋಡ್ರಿ. ಒಮ್ಮೆ ಕೊಟ್ರ ಮುಗೀತು, ಜಲ್ಮಕ್ಕ ಚಿಂತಿಲ್ಲ’ ಎಂದನು. ಅವನ ಮಾತಿನ ಹಿಂದೆ ಒಂದು ಉದ್ದೇಶವಿತ್ತು. ನಾಲ್ಕು ವರ್ಷ ಓಡಿದ ಜರ್ಮನ್ ಕಾರೊಂದು ಹುಬ್ಬಳ್ಳಿಯಲ್ಲಿ ಮಾರಾಟಕ್ಕಿದ್ದು, ಮಗಳ ಮದುವೆಗೆ ಮುನ್ನ ಅದನ್ನು ಕೊಳ್ಳಬೇಕೆಂದು ಅವನು ಯೋಚಿಸುತ್ತಿದ್ದನು. ‘ಹೊಸಾದ್ರ ಅರ್ಧಾ ಕ್ರಯಕ್ಕ ಬರ್ತದ್ರೀ’ ಎಂದು ರೈಲಿನಲ್ಲಿಯೇ ನನಗೆ ಎರಡು ಸಲ ಹೇಳಿದ್ದನು.

ಹೆಚ್ಚು ಬೆಲೆಯ ವಾಹನವು ಕೆಡುವುದಿಲ್ಲವೆಂಬ ನಂಬಿಕೆಯು ಲೋಕದಲ್ಲಿ ಹೇಗೆ ಬೇರೂರಿತೆಂಬುದನ್ನು ತಿಳಿಯಬೇಕಾದರೆ ಈ ರೋಲ್ಸ್ ರಾಯ್ಸ್ ಸಂಸ್ಥೆಯ ಚರಿತ್ರೆಯನ್ನೇ ಸ್ವಲ್ಪ ನೋಡಬೇಕು. ಹೆನ್ರಿ ರಾಯ್ಸ್ ಎಂಬುವನು ಇಂಗ್ಲೆಂಡಿನಲ್ಲಿ 1863ರಲ್ಲಿ ಒಬ್ಬ ಬಡ ಗಿರಣಿಗಾರನ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿ ವೃತ್ತಪತ್ರಿಕೆಗಳನ್ನು ಮಾರಿ, ಮುಂದೆ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತನು. ಶ್ರೀಮಂತ ಮನೆತನದ ಚಾರ್ಲ್ಸ್ ರೋಲ್ಸ್ ಎಂಬುವನು 1904ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇವನನ್ನು ಕಂಡನು. ಇಬ್ಬರ ಹೆಸರೂ ಕೂಡಿ ಒಂದು ಸಂಸ್ಥೆಯಾಯಿತು. ರಾಯ್ಸ್‌ನು ಎಷ್ಟು ಕೀರ್ತಿ ಬಂದರೂ ತನ್ನನ್ನು ಮೆಕ್ಯಾನಿಕ್ ಎಂದೇ ಕರೆದುಕೊಳ್ಳುತ್ತಿದ್ದನು. ಕಾಯಕವನ್ನು ಗೌರವಿಸುವ ನಮಗೆ ಇದು ಮೆಚ್ಚುಗೆಯಾಗುವ ಗುಣ.

1907ರಲ್ಲಿ ಈ ಸಂಸ್ಥೆಯು ತನ್ನ ಒಂದು ವಾಹನಕ್ಕೆ ಬೆಳ್ಳಿಯ ಬಣ್ಣವನ್ನು ಬಳಿದು ‘ಸಿಲ್ವರ್ ಘೋಸ್ಟ್’ ಎಂದು ಹೆಸರಿಟ್ಟು ಬಹಿರಂಗವಾದ ಪರೀಕ್ಷೆಗೆ ಒಡ್ಡಿತು. ಮೋಟಾರು ಕ್ಲಬ್ಬಿನ ವೀಕ್ಷಕರ ಸಮಕ್ಷಮದಲ್ಲಿ ಅದು ಲಂಡನ್ನಿಗೂ ಗ್ಲಾಸ್ಗೋ ನಗರಕ್ಕೂ ನಡುವೆ ಮತ್ತೆ ಮತ್ತೆ ಓಡಿ 15,000 ಮೈಲಿಗಳನ್ನು, ಎಂದರೆ ಸುಮಾರು 24,000 ಕಿಲೋಮೀಟರುಗಳನ್ನು ಪೂರೈಸಿತು. ಆರಂಭದಲ್ಲಿ ಒಮ್ಮೆ ಪೆಟ್ರೋಲಿನ ನಲ್ಲಿಯು ಅಲುಗಾಟಕ್ಕೆ ತಾನಾಗಿ ಮುಚ್ಚಿಕೊಂಡು ನಿಂತದ್ದನ್ನು ಬಿಟ್ಟರೆ, ಆ ಮೇಲಿನ 14,371 ಮೈಲಿಗಳಲ್ಲಿ ಯಂತ್ರದೋಷದಿಂದ ಅದು ಒಮ್ಮೆಯೂ ನಿಲ್ಲಲಿಲ್ಲ. ಪರೀಕ್ಷೆ ಮುಗಿದ ಮೇಲೆ ವಾಹನವನ್ನು ಬಿಚ್ಚಿ ಪ್ರತಿಯೊಂದು ಅಂಗವನ್ನೂ ಅಳೆದು ನೋಡಿದರು. ಸವೆದ ಭಾಗಗಳನ್ನು ಬದಲಿಸಿ ಹೊಸದರಂತೆ ಮಾಡಲು ತಗಲಿದ ಬಿಡಿಭಾಗಗಳ ವೆಚ್ಚವು 2 ಪೌಂಡು 2 ಶಿಲಿಂಗು 7 ಪೆನ್ಸು ಮಾತ್ರ. ಬರಿಯ ಚಾಸಿಸ್ಸಿಗೇ ಸಾವಿರ ಪೌಂಡಿನ ಆಸುಪಾಸು ಬೆಲೆಯಿದ್ದ ವಾಹನಕ್ಕೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಮೇಲಿನ ಮೈಕಟ್ಟನ್ನು ಕೊಳ್ಳುವವರು ಬೇರೆ ಕುಶಲಕರ್ಮಿಗಳಿಂದ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕಾಗಿತ್ತು. ಈ ಒಂದು ಪರೀಕ್ಷೆಯ ಕೀರ್ತಿಯೇ ಸಮುದ್ರವನ್ನು ದಾಟಿ ನಮ್ಮ ರಾಜಮಹಾರಾಜರ ಅರಮನೆಗಳ ಬಾಗಿಲನ್ನು ತಟ್ಟಿತು.

ಆದರೆ ಈ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಆ ವಾಹನವು ಯಾರ ಆರೈಕೆಯೂ ಇಲ್ಲದೆ ಓಡಲಿಲ್ಲ. ಅದನ್ನು ನಿರ್ಮಿಸಿದ ಕೈಗಳ ಆರೈಕೆಯೇ ಅದರ ಬೆನ್ನ ಹಿಂದೆ ಇದ್ದಿತು. ಅದರ ಟೈರುಗಳು ಸವೆದವು, ಎಣ್ಣೆ ಖರ್ಚಾಯಿತು. ಅವನ್ನು ಕಾಲಕಾಲಕ್ಕೆ ಒದಗಿಸಲಾಯಿತು. ಎರಡು ಪೌಂಡಿನ ಲೆಕ್ಕವು ಬಿಡಿಭಾಗಗಳದು, ಆರೈಕೆಯ ಲೆಕ್ಕವಲ್ಲ. ಮಾಲೀಕರ ಚಾಲಕರು ಅಜ್ಞಾನದಿಂದ ವಾಹನವನ್ನು ಕೆಡಿಸಬಾರದೆಂದು ಈ ಸಂಸ್ಥೆಯವರು ಚಾಲಕರಿಗಾಗಿಯೇ ಒಂದು ಶಾಲೆಯನ್ನು ತೆರೆದರು. ಉದಯಪುರದಲ್ಲಿರುವ 1934ರ ಫ್ಯಾಂಟಮ್ ಮಾದರಿಯಲ್ಲಿ, ಚಾಲಕನು ಕಾಲಿನಿಂದ ಒಂದು ಪೆಡಲನ್ನು ಒತ್ತಿದರೆ ಚಾಸಿಸ್ಸಿನ ಕೀಲುಗಳಿಗೆಲ್ಲ ಎಣ್ಣೆ ಹರಿಯುವ ಏರ್ಪಾಡಿತ್ತು. ಅದಕ್ಕೂ ಹಿಂದಿನ ವಾಹನಗಳಲ್ಲಿ ಒಂದೊಂದು ಕೀಲಿಗೂ ಕೈಯಿಂದಲೇ ಎಣ್ಣೆಯನ್ನೋ ಗ್ರೀಸನ್ನೋ ಕೊಡಬೇಕು. ಹಾಗೆ ಮಾಡುವುದಕ್ಕೆಂದೇ ಅರಮನೆಯಲ್ಲಿ ಸಂಬಳದ ಆಳುಗಳಿದ್ದರು.

ಇದು ನಮ್ಮ ಹಳ್ಳಿಯವರಿಗೆ ಹೊಸ ವಿಷಯವಲ್ಲ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾವ ರೈತನೂ ದೂರದ ದಾರಿ ಹಿಡಿಯುವುದಿಲ್ಲ. ಜಾತ್ರೆಗೆ ತಿಂಗಳೊಪ್ಪತ್ತು ಮುಂಚಿತವಾಗಿಯೇ ಬಡಗಿಯು ತೇರಿನ ಗಾಲಿಯನ್ನು ತಟ್ಟಿ ಅದರ ನಾದದಿಂದಲೇ ಬಿರುಕಿದೆಯೋ ಇಲ್ಲವೋ ಎಂದು ತಿಳಿಯುತ್ತಾನೆ. ಹಗ್ಗವನ್ನು ಎಳೆಯುವವರು ಸಾವಿರಾರು ಮಂದಿ. ಗಾಲಿಯನ್ನು ತಟ್ಟಿ ನೋಡುವವನು ಒಬ್ಬನೇ. ತೇರು ಸುಗಮವಾಗಿ ಸಾಗುವುದು ಆ ಒಬ್ಬನಿಂದ.

ನಾನು ಸಂಗಡಿಗನಿಗೆ ಇಷ್ಟನ್ನೇ ಹೇಳಿದೆನು: ‘ಈ ವಾಹನವು ನೂರು ವರ್ಷ ಬಾಳಿದ್ದು ಒಮ್ಮೆ ಕೊಟ್ಟ ರೊಕ್ಕದಿಂದಲ್ಲಪ್ಪಾ. ನೂರು ವರ್ಷವೂ ಯಾರೋ ಕೊಡುತ್ತಲೇ ಬಂದಿದ್ದಾರೆ.’

ಮೇವಾಡದ ಇತಿಹಾಸವೂ ಇದನ್ನೇ ಸಾರುತ್ತದೆ. 1948ರಲ್ಲಿ ಉದಯಪುರ ಸಂಸ್ಥಾನವು ರಾಜಸ್ಥಾನದ ಒಕ್ಕೂಟದಲ್ಲಿ ವಿಲೀನವಾಯಿತು. 1971ರ ಸಂವಿಧಾನದ 26ನೆಯ ತಿದ್ದುಪಡಿಯಿಂದ ಮಾಜಿ ಅರಸರಿಗೆ ಬರುತ್ತಿದ್ದ ರಾಜಧನವೂ ನಿಂತಿತು. ವಾಹನಗಳೇನೋ ಉಳಿದವು, ಅವನ್ನು ಸಾಕುತ್ತಿದ್ದ ಆದಾಯವು ಹೋಯಿತು. ದೇಶದಲ್ಲಿ ಎಷ್ಟೋ ಅರಮನೆಗಳ ಮೋಟಾರುಗಳು ಪರರ ಪಾಲಾದವು, ಇಲ್ಲವೆ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದವು. ಉದಯಪುರದಲ್ಲಿ ಅವು ಉಳಿದುದಕ್ಕೆ ಕಾರಣವೆಂದರೆ, ಗ್ಯಾರೇಜು ಪ್ರೇಕ್ಷಕರಿಗೆ ತೆರೆದುಕೊಂಡು, ಅವರು ಕೊಡುವ ಪ್ರವೇಶಧನವು ವಾಹನಗಳಿಗೂ ಒಂದು ಆಸರೆಯಾಯಿತು. ಅರಸರನ್ನು ಹೊತ್ತು ತಿರುಗಿದ ವಾಹನಗಳು ಈಗ ತಮ್ಮ ಅನ್ನವನ್ನು ತಾವೇ ದುಡಿಯುತ್ತಿವೆಯೆಂದರೆ ತಪ್ಪಾಗದು.

ಇಂತಹ ಪುರಾತನ ವಾಹನಗಳಿಗೆ ಸರಕಾರವೂ ಪ್ರತ್ಯೇಕವಾದ ನಿಯಮಗಳನ್ನು 2021ರಲ್ಲಿ ಮಾಡಿತು. 50 ವರ್ಷಕ್ಕೂ ಹಳೆಯದಾಗಿದ್ದು, ಮೂಲರೂಪವನ್ನು ಉಳಿಸಿಕೊಂಡ ವಾಹನವನ್ನು 20,000 ರೂಪಾಯಿ ಶುಲ್ಕ ಕೊಟ್ಟು ಹತ್ತು ವರ್ಷಗಳ ಅವಧಿಗೆ ನೋಂದಾಯಿಸಬಹುದು. ನವೀಕರಣಕ್ಕೆ 5,000 ರೂಪಾಯಿ. ಆದರೆ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಪೆಟ್ರೋಲಿಗೆ ಎಥನಾಲ್ ಬೆರಸುವ ಪ್ರಮಾಣವು 2025ರಲ್ಲಿ ಶೇಕಡ 20ಕ್ಕೆ ಮುಟ್ಟಿರುವುದು ಹಳೆಯ ವಾಹನಗಳಿಗೆ ಇನ್ನೊಂದು ಚಿಂತೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಅದಕ್ಕೆ ತಕ್ಕುದಲ್ಲದ ಹಳೆಯ ರಬ್ಬರಿನ ನಳಿಕೆಗಳನ್ನು ಹಾಳುಮಾಡುತ್ತದೆ. ಹೀಗೆ ಕಾಲವು ಮುಂದೆ ಸಾಗಿದಷ್ಟೂ ಹಳೆಯದನ್ನು ಉಳಿಸಿಕೊಳ್ಳುವ ಹೊಣೆಯು ಭಾರವಾಗುತ್ತಲೇ ಹೋಗುತ್ತದೆ.

ಲಾಯದಿಂದ ಹೊರಬಂದು ಒಂದು ಮರದ ನೆರಳಿನಲ್ಲಿ ಕುಳಿತೆವು. ನನ್ನ ಸಂಗಡಿಗನು ಹುಬ್ಬಳ್ಳಿಯ ಕಾರಿನ ಪ್ರಸ್ತಾಪವನ್ನು ಮತ್ತೆ ತೆಗೆದನು. ‘ಹಂಗಾರ ಈಗಿನ ಕಾರಿಗೂ ಇದ ಲೆಕ್ಕ ಏನ್ರಿ ಗುರುಗಳ?’ ಎಂದು ಕೇಳಿದನು. ಮಠದ ಆಡಳಿತದ ಲೆಕ್ಕಪತ್ರಗಳನ್ನು ಕೆಲವು ಕಾಲ ನೋಡಿದವನಾದುದರಿಂದ ಈ ವಿಷಯವು ನನಗೆ ತೀರ ಅಪರಿಚಿತವಲ್ಲ. ಆಗ ಅವನಿಗೆ ವಿವರಿಸಿದುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಅನೇಕ ಕುಟುಂಬಗಳಿಗೆ ಉಪಯೋಗವಾದೀತು.

ಉದಾಹರಣೆಗೆ 60 ಲಕ್ಷ ರೂಪಾಯಿಯ ಒಂದು ಹೊಸ ಕಾರನ್ನು ತೆಗೆದುಕೊಳ್ಳೋಣ. ನಮ್ಮ ರಾಜ್ಯದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಪೆಟ್ರೋಲು ಅಥವಾ ಡೀಸೆಲು ಕಾರಿಗೆ ಜೀವಾವಧಿ ತೆರಿಗೆಯು ಶೇಕಡ 18, ಮೇಲುತೆರಿಗೆಯು ಬೇರೆ. ಎಂದರೆ 10 ಲಕ್ಷ 80 ಸಾವಿರ ರೂಪಾಯಿ ಮೊದಲ ದಿನವೇ ಹೋಯಿತು. ಇನ್ನು ಮೌಲ್ಯದ ಮಾತು. ವಿಮೆಯ ಲೆಕ್ಕಾಚಾರದಲ್ಲಿ ಕಾರಿನ ಬೆಲೆಯನ್ನು ವಯಸ್ಸಿಗೆ ತಕ್ಕಂತೆ ಇಳಿಸುವ ಒಂದು ಪಟ್ಟಿಯುಂಟು. ಒಂದರಿಂದ ಎರಡು ವರ್ಷದೊಳಗಿನದಕ್ಕೆ ಶೇಕಡ 20, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದು ವರ್ಷದೊಳಗಿನದಕ್ಕೆ ಶೇಕಡ 50 ಕಳೆಯುತ್ತಾರೆ. ಈ ಲೆಕ್ಕದಂತೆ ಐದು ವರ್ಷ ತುಂಬುವುದರೊಳಗೆ 60 ಲಕ್ಷವು 30 ಲಕ್ಷವಾಗುತ್ತದೆ. ಕರಗಿದ 30 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 50,000 ರೂಪಾಯಿ. ಪೆಟ್ರೋಲು, ಚಾಲಕನ ಸಂಬಳ, ವಿಮೆಯ ಕಂತು, ಸಾಲದ ಬಡ್ಡಿ ಇವಾವುವೂ ಇದರಲ್ಲಿ ಸೇರಿಲ್ಲ. ಕಾರು ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ಈ ವೆಚ್ಚವು ನಿಲ್ಲುವುದಿಲ್ಲ.

‘ಅದಕ್ಕ ಅಲ್ಲೇನ್ರಿ ನಾ ಹಳೇದ ತಗೊಳ್ಳಾಕ ಹೊಂಟಿದ್ದು? ಆ ಲುಕ್ಸಾನ ಮೊದಲಿನವ್ರ ತಲಿಮ್ಯಾಲ ಹೋತಲ್ಲ’ ಎಂದು ಅವನು ನಕ್ಕನು. ಮಾತು ಜಾಣತನದ್ದೇ. ಆದರೆ ಕಾರಿನ ಬೆಲೆಯು ಅರ್ಧಕ್ಕೆ ಇಳಿದ ಮಾತ್ರಕ್ಕೆ ಅದರ ಬಿಡಿಭಾಗಗಳ ಬೆಲೆಯು ಅರ್ಧಕ್ಕೆ ಇಳಿಯುವುದಿಲ್ಲ. 60 ಲಕ್ಷದ ಕಾರನ್ನು 30 ಲಕ್ಷಕ್ಕೆ ಕೊಂಡವನೂ 60 ಲಕ್ಷದ ಕಾರಿನ ಬಿಡಿಭಾಗವನ್ನೇ ಕೊಳ್ಳಬೇಕು. ಮೇಲಾಗಿ, ತಯಾರಕರು ಕೊಡುವ ವಾರಂಟಿಯ ಅವಧಿಯು ಮುಗಿಯುವ ಸಮಯಕ್ಕೆ ಸರಿಯಾಗಿಯೇ ಇಂತಹ ಕಾರುಗಳು ಎರಡನೆಯವರ ಕೈಗೆ ಬರುತ್ತವೆ. ಮೊದಲ ಒಡೆಯನು ವೈಭವವನ್ನು ಅನುಭವಿಸಿದನು. ಎರಡನೆಯ ಒಡೆಯನು ಅದರ ಮುಪ್ಪನ್ನು ಸಾಕುತ್ತಾನೆ.

ಇಂದಿನ ದುಬಾರಿ ಕಾರುಗಳು ಕಳಪೆಯೆಂದು ಇದರ ಅರ್ಥವಲ್ಲ. ಅವುಗಳ ಯಂತ್ರಗಳು ಉತ್ತಮವಾದವು. ಆದರೆ ಸುಖವನ್ನು ಹೆಚ್ಚಿಸಲೆಂದು ಸೇರಿಸಿದ ಒಂದೊಂದು ಏರ್ಪಾಡೂ ಕೆಡಬಲ್ಲ ಇನ್ನೊಂದು ವಸ್ತುವಾಗಿರುತ್ತದೆ. ಸಾಧಾರಣ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗು ಇರುವೆಡೆ ಕೆಲವು ದುಬಾರಿ ಕಾರುಗಳಲ್ಲಿ ಗಾಳಿ ತುಂಬಿದ ರಬ್ಬರಿನ ಚೀಲಗಳಿರುತ್ತವೆ. ವರ್ಷಗಳು ಕಳೆದಂತೆ ರಬ್ಬರು ಬಿರಿದು ಗಾಳಿಯು ಸೋರುತ್ತದೆ. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರು ಬಿಡುವಿಲ್ಲದೆ ದುಡಿದು ತಾನೂ ಸುಡುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಮಂಡಿಯೂರಿದ ಒಂಟೆಯಂತೆ ಕಾರು ನೆಲಕ್ಕೆ ಕುಳಿತಿರುತ್ತದೆ. ಸ್ವಯಂಚಾಲಿತ ಗೇರ್ ಬಾಕ್ಸು, ಟರ್ಬೊ, ಹತ್ತಾರು ಸೆನ್ಸರುಗಳು, ಅವನ್ನೆಲ್ಲ ಆಳುವ ಗಣಕಗಳು ಇವುಗಳನ್ನು ಊರಿನ ಸಾಧಾರಣ ಮೆಕ್ಯಾನಿಕ್ಕನು ಮುಟ್ಟಲಾರನು. ದೋಷವನ್ನು ಕಂಡುಹಿಡಿಯುವುದಕ್ಕೇ ಬೇರೆ ಉಪಕರಣವು ಬೇಕು. ಅದಕ್ಕಾಗಿ ದೂರದ ನಗರಕ್ಕೆ ಹೋಗಬೇಕು. ಅಪಘಾತವಾದಾಗ ವಿಮೆಯಿದೆಯಲ್ಲವೇ ಎಂದರೆ, ಸಾಧಾರಣ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿ, ಏರ್‌ಬ್ಯಾಗುಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆದೇ ಕೊಡುತ್ತಾರೆ. ಸವಕಳಿಯನ್ನು ಕಳೆಯದ ವಿಮೆಯೂ ಉಂಟು. ಅದಕ್ಕೆ ಕಂತು ಹೆಚ್ಚು. ಯಂತ್ರವು ತಾನಾಗಿ ಸವೆದು ಕೆಟ್ಟರೆ ಸಾಧಾರಣ ವಿಮೆಯು ಒದಗುವುದೇ ಇಲ್ಲ.

ಆದುದರಿಂದ ಕೊಳ್ಳಲೇಬೇಕೆಂಬ ಗೃಹಸ್ಥರು ಕೆಲವು ಸಂಗತಿಗಳನ್ನು ಮೊದಲು ವಿಚಾರಿಸತಕ್ಕದ್ದು. ಸರ್ವಿಸ್ ಮಾಡಿಸಿದ ಪೂರ್ಣ ದಾಖಲೆ ಇದೆಯೇ? ವಾರಂಟಿಯು ಎಷ್ಟು ದಿನ ಉಳಿದಿದೆ, ಹಣ ಕೊಟ್ಟು ಅದನ್ನು ಮುಂದುವರಿಸಬಹುದೇ? ಅಧಿಕೃತ ಸರ್ವಿಸ್ ಕೇಂದ್ರವು ಮನೆಯಿಂದ ಎಷ್ಟು ದೂರ? ನಾಲ್ಕು ಟೈರು, ಬ್ರೇಕಿನ ಪ್ಯಾಡು ಮತ್ತು ಡಿಸ್ಕು, ಒಂದು ಬ್ಯಾಟರಿ, ಒಂದು ಶಾಕ್ ಅಬ್ಸಾರ್ಬರ್ ಇವುಗಳ ಈಗಿನ ಬೆಲೆಯೆಷ್ಟು? ಇದನ್ನು ಮಾರುವವನಿಂದ ಕೇಳದೆ ರಿಪೇರಿ ಮಾಡುವವನಿಂದ ಕೇಳಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಆ ಮೊತ್ತವನ್ನು ಸಾಲ ಮಾಡದೆ, ಮಕ್ಕಳ ಓದಿನ ಹಣಕ್ಕೆ ಕೈಹಾಕದೆ ಕೊಡಲು ಸಾಧ್ಯವಾದರೆ ಮಾತ್ರ ಮುಂದಿನ ಮಾತು. ಸಾಧ್ಯವಿಲ್ಲವಾದರೆ ಆ ಕಾರು ನಮ್ಮ ಯೋಗ್ಯತೆಗೆ ಮೀರಿದುದು. ಅದರ ಬೆಲೆಯನ್ನು ಎಣಿಸಿಕೊಟ್ಟರೂ ನಾವು ಅದರ ಒಡೆಯರಾಗಲಾರೆವು.

ಇಲ್ಲಿ ನಮ್ಮ ಸಮಾಜಕ್ಕೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ವಿನಯದಿಂದ ಹೇಳಲೇಬೇಕಾಗಿದೆ. ಭಕ್ತರು ಮಠಗಳಿಗೆ ದುಬಾರಿ ಕಾರುಗಳನ್ನು ಕಾಣಿಕೆಯಾಗಿ ಕೊಡುವ ಪದ್ಧತಿಯು ಬೆಳೆಯುತ್ತಿದೆ. ಪೂಜ್ಯರು ಹಗಲಿರುಳೂ ಊರೂರು ಸಂಚರಿಸುವವರು; ಅವರಿಗೆ ಭದ್ರವಾದ ವಾಹನವು ಬೇಕೆಂಬ ಕಾಳಜಿಯು ಶ್ಲಾಘನೀಯ. ನಾನು ಬಲ್ಲ ಒಂದು ಮಠಕ್ಕೆ ಹೀಗೆಯೇ ಒಬ್ಬ ಭಕ್ತರು ಪರದೇಶದ ಕಾರೊಂದನ್ನು ಅರ್ಪಿಸಿದರು. ಹೂಮಾಲೆ ಹಾಕಿ, ನಿಂಬೆಹಣ್ಣು ಇಟ್ಟು, ಭಾವಚಿತ್ರ ತೆಗೆಸಿಕೊಂಡು ಸಂತೋಷಪಟ್ಟರು. ಕೆಲವು ವರ್ಷಗಳವರೆಗೆ ಎಲ್ಲವೂ ಸರಿಯಿತ್ತು. ವಾರಂಟಿ ಮುಗಿದ ಮೇಲೆ ಅದೇ ಗಾಳಿಚೀಲಗಳು ಒಡೆದವು. ರಿಪೇರಿಗೆ ಬೇಕೆಂದು ಗ್ಯಾರೇಜಿನವರು ಬರೆದುಕೊಟ್ಟ ಮೊತ್ತವನ್ನು ಕಂಡು ಆಡಳಿತ ನೋಡುವ ಹಿರಿಯರು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಪ್ರಸಾದ ನಿಲಯದ ಮಕ್ಕಳ ಜೋಳ, ಅಕ್ಕಿ, ಬೇಳೆಯ ಹಣದಿಂದ ಅದನ್ನು ಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಭಕ್ತರು ಪ್ರೀತಿಯಿಂದ ಕೊಟ್ಟುದನ್ನು ಮಾರಲು ಸಂಕೋಚ. ಕಾರು ಹೊದಿಕೆಯನ್ನು ಹೊದ್ದು ಬೇವಿನ ಮರದ ಕೆಳಗೆ ನಿಂತಿತು. ಪೂಜ್ಯರು ಎಂದಿನಂತೆ ಹಳೆಯ ಜೀಪಿನಲ್ಲಿಯೇ ಸಂಚರಿಸಿದರು.

ನಿಂತ ವಾಹನವು ಹಾಗೆಯೇ ಉಳಿಯುವುದಿಲ್ಲ. ಬ್ಯಾಟರಿಯ ಶಕ್ತಿಯು ಬಸಿದುಹೋಗುತ್ತದೆ. ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಟ್ಯಾಂಕಿನ ಪೆಟ್ರೋಲು ಹಳತಾಗಿ ಅಂಟಾಗುತ್ತದೆ, ಬ್ರೇಕಿಗೆ ತುಕ್ಕು ಹತ್ತುತ್ತದೆ, ರಬ್ಬರಿನ ಸೀಲುಗಳು ಒಣಗಿ ಸೋರತೊಡಗುತ್ತವೆ. ಇಲಿಗಳು ತಂತಿಗಳನ್ನು ಕಡಿಯುತ್ತವೆ. ನಮ್ಮನ್ನು ಏಕಲಿಂಗಜಿಗೆ ಕರೆದೊಯ್ದ ಬಾಡಿಗೆ ಕಾರಿನ ಚಾಲಕನು, ತನ್ನ ಸಾಧಾರಣ ಗಾಡಿಯು ಅಷ್ಟು ವರ್ಷಗಳಿಂದ ಹೇಗೆ ಕೈಕೊಡದೆ ಓಡುತ್ತಿದೆಯೆಂದು ಕೇಳಿದುದಕ್ಕೆ, ‘ದಿನಾಲೂ ಓಡಿಸುತ್ತೇನೆ, ದಿನಾಲೂ ನೋಡುತ್ತೇನೆ ಮಹಾರಾಜ್, ಅಷ್ಟೇ’ ಎಂದು ಹಿಂದಿಯಲ್ಲಿ ಉತ್ತರಿಸಿದ್ದನು. ಜಂಗಮವು ಚೈತನ್ಯವೆಂದೂ ಜಡತೆಯು ಅಳಿವೆಂದೂ ನಾವು ತತ್ತ್ವಾರ್ಥದಲ್ಲಿ ಹೇಳುವ ಮಾತು ಕಬ್ಬಿಣಕ್ಕೂ ರಬ್ಬರಿಗೂ ಒಪ್ಪುತ್ತದೆಯೆಂಬುದನ್ನು ಆ ಚಾಲಕನು ಶಾಸ್ತ್ರವನ್ನೋದದೆಯೇ ಬಲ್ಲನು.

ಹಾಗಾದರೆ ಭಕ್ತರು ಏನು ಮಾಡಬೇಕು? ಶಾಸನದ ಮಾತು ಇಲ್ಲಿ ನಮಗೆ ದಾರಿ ತೋರುತ್ತದೆ. ಮಠಕ್ಕಾಗಲಿ, ವಿದ್ಯಾಸಂಸ್ಥೆಗಾಗಲಿ ವಾಹನವನ್ನು ಕೊಡುವವರು ಅದರ ಖಂಡಸ್ಫುಟಿತಕ್ಕೂ ದತ್ತಿಯನ್ನು ಇಡಲಿ. ಐದು ವರ್ಷಗಳ ವಿಮೆ, ಟೈರು, ಸರ್ವಿಸ್ಸುಗಳ ವೆಚ್ಚವನ್ನು ಲೆಕ್ಕಹಾಕಿ ಬ್ಯಾಂಕಿನಲ್ಲಿ ಠೇವಣಿಯಿರಿಸಿ, ಕಾರಿನ ಬೀಗದ ಕೈಯೊಡನೆ ಠೇವಣಿಯ ಪತ್ರವನ್ನೂ ಒಪ್ಪಿಸಲಿ. ಅಷ್ಟು ಶಕ್ತಿಯಿಲ್ಲದಿದ್ದರೆ 60 ಲಕ್ಷದ ಕಾರಿಗೆ ಬದಲಾಗಿ 15 ಲಕ್ಷದ ಗಟ್ಟಿಯಾದ ವಾಹನವನ್ನು ಕೊಡಲಿ. ತಾಲೂಕಿನ ಗ್ಯಾರೇಜಿನಲ್ಲಿ ರಿಪೇರಿಯಾಗುವ, ಹಳ್ಳಿಯ ದಾರಿಯ ಗುಂಡಿಗೆ ಅಂಜದ ವಾಹನವೇ ಸಂಚಾರಕ್ಕೆ ಭದ್ರವಾದುದು. ಮಠಗಳ ಆಡಳಿತದವರೂ ಸಂಕೋಚವನ್ನು ಬಿಟ್ಟು, ‘ಇದನ್ನು ಸಾಕುವ ವೆಚ್ಚಕ್ಕೆ ಏನು ಏರ್ಪಾಡು?’ ಎಂದು ಮೊದಲೇ ಕೇಳುವುದು ಒಳಿತು. ಹಾಗೆ ಕೇಳುವುದು ಕಾಣಿಕೆಗೆ ಅಗೌರವವಲ್ಲ. ದಾಸೋಹದ ಭಂಡಾರಕ್ಕೆ ತೋರುವ ನಿಷ್ಠೆ.

ಗೃಹಸ್ಥರಿಗೂ ಇದೇ ನಿಯಮವು ಸಲ್ಲುತ್ತದೆ. ಯಾವುದನ್ನು ಕೊಳ್ಳುವ ಶಕ್ತಿಯಿದೆಯೋ ಅದೆಲ್ಲವೂ ನಮ್ಮದಾಗುವುದಿಲ್ಲ. ಯಾವುದನ್ನು ಕಾಪಾಡುವ ಶಕ್ತಿಯಿದೆಯೋ ಅದಷ್ಟೇ ನಮ್ಮದು. ಮದುವೆಯ ಒಂದು ದಿನದ ಮೆರವಣಿಗೆಗಾಗಿ ಕೊಂಡ ಕಾರು ಮುಂದಿನ ಹತ್ತು ವರ್ಷ ಮನೆಯವರ ನಿದ್ರೆಯನ್ನು ಕೆಡಿಸಬಾರದು. ಶರಣರು ಕಾಯಕದ ಗಳಿಕೆಯನ್ನು ತಡೆಯಲಿಲ್ಲ, ಸುಖವನ್ನೂ ಹಳಿಯಲಿಲ್ಲ. ಬಂದುದಕ್ಕೆ ಲೆಕ್ಕವಿರಲಿ, ಅದು ಸದ್ವಿನಿಯೋಗವಾಗಲಿ ಎಂಬುದೇ ಅವರ ಆಶಯವಾಗಿತ್ತು.

ನನ್ನ ಸಂಗಡಿಗನು ಮರುದಿನ ಉದಯಪುರದಿಂದಲೇ ಹುಬ್ಬಳ್ಳಿಗೆ ದೂರವಾಣಿಯಲ್ಲಿ ಮಾತನಾಡಿ, ಕಾರಿನ ಸರ್ವಿಸ್ಸಿನ ದಾಖಲೆಗಳನ್ನು ಕಳುಹಿಸಿರೆಂದು ಕೇಳಿದನು. ಎರಡು ವರ್ಷಗಳ ದಾಖಲೆ ಮಾತ್ರ ಸಿಕ್ಕಿತಂತೆ. ಮಗಳ ಮದುವೆಯು ವೈಶಾಖದಲ್ಲಿ ನಡೆಯಿತು. ಮದುಮಕ್ಕಳು ಬಾಡಿಗೆಯ ಕಾರಿನಲ್ಲಿ ಬಂದಿಳಿದರು. ಆಶೀರ್ವದಿಸಲು ಹೋದಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು, ‘ಸಂಜೀಗೆ ಅವರ ಗಾಡಿ ಅವರ ತಗೊಂಡು ಹೋದ್ರು ಗುರುಗಳ. ರಾತ್ರಿ ನಾ ಆರಾಮ ಮಲಗತೀನಿ’ ಎಂದು ಹೇಳಿದನು.

ಯಾತ್ರೆಗೆ ಹೋಗುವ ಬಂಧುಗಳು ಏಕಲಿಂಗನಾಥನ ದರ್ಶನವನ್ನು ಪಡೆದು, ಬಿಡುವಿದ್ದರೆ ಆ ಮೋಟಾರು ಲಾಯವನ್ನೂ ನೋಡಿಬರಲಿ. ವಾಹನಗಳ ಹೊಳಪನ್ನು ಮಾತ್ರ ನೋಡದೆ, ಅವನ್ನು ಒರೆಸಿ, ಎಣ್ಣೆಯುಣಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಕೈಗಳನ್ನೂ ನೆನೆಯಲಿ. ಆ ಕೈಗಳ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ವೈಭವವನ್ನು ಉಳಿಸಿದವರು ಅವರೇ.